ಲಾಳಿಗೆ ಬಾಯಿಟ್ಟ ಸುರ್ರಕ್ಕ

ನನ್ನ ಓರಗಿತ್ತಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಸಂಬಳದ ದಿನ ಗುಮಾಸ್ತರು ಅದನ್ನು ಕೂಗಿದರೆ ಅವಳೇ ಹಿಂದೆ ತಿರುಗಿ, ಯಾರಪ್ಪ ಅದು ಎಂದು ನೋಡುತ್ತಾಳೆ. ನೇಯ್ಗೆ ಶೆಡ್ಡಿಗೆಲ್ಲ ಅವಳು ಸುರ್ರಕ್ಕ. ನಾನು ಅವಳ ಮೈದುನನ ಹೆಂಡತಿ. ಮನೆಯಲ್ಲಿ ಅವಳು ಕೆಳಗೆ, ನಾನು ಮಹಡಿ ಮೇಲೆ; ಶೆಡ್ಡಿನಲ್ಲಿ ಅವಳ ಮಗ್ಗಗಳ ಪಕ್ಕದಲ್ಲೇ ನನ್ನವು. ಅವಳಿಂದ ತಪ್ಪಿಸಿಕೊಳ್ಳಲು ನನಗಿರುವುದು ಮನೆಗೂ ಶೆಡ್ಡಿಗೂ ನಡುವಿನ ರಸ್ತೆ ಮಾತ್ರ, ಅಲ್ಲೂ ಅವಳು ಜೊತೆಗೇ ನಡೆಯುತ್ತಾಳೆ. ಹೀಗಾಗಿ ಅವಳ ವಿಷಯ ನಾನು ಹೇಳಿದರೆ ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಆ ಹೆಸರು ಬಂದದ್ದು ಲಾಳಿಯಿಂದ. ನಮ್ಮವು ಹಳೆಯ ಮಗ್ಗಗಳು. ಹಾಸಿನ ನೂಲುಗಳ ನಡುವೆ ಅತ್ತಿಂದಿತ್ತ ಮರದ ಲಾಳಿ ಓಡುತ್ತದೆ, ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಕಂಡಿಕೆ ಖಾಲಿಯಾದಾಗ ಹೊಸದನ್ನು ಹಾಕಿ, ನೂಲಿನ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಅದಕ್ಕೆಂದೇ ತಂತಿಯ ಕೊಕ್ಕೆ ಇದೆ. ಆದರೆ ಕೊಕ್ಕೆ ಹುಡುಕಿ, ತೂತಿಗೆ ತೂರಿಸಿ, ನೂಲನ್ನು ಸಿಕ್ಕಿಸಿ ಎಳೆಯುವಷ್ಟರಲ್ಲಿ ಪಕ್ಕದ ಮಗ್ಗವೂ ನಿಂತಿರುತ್ತದೆ. ಅದಕ್ಕೇ ನಾವೆಲ್ಲ ತೂತಿಗೆ ತುಟಿ ಇಟ್ಟು ಉಸಿರು ಎಳೆಯುತ್ತಿದ್ದೆವು. ನೂಲು ತಾನಾಗಿ ನಾಲಿಗೆಯ ತುದಿಗೆ ಬರುತ್ತಿತ್ತು. ನಾವು ಕೆನ್ನೆ ನೋಯುವಷ್ಟು ಎಳೆದರೆ ಬರುವ ನೂಲು ನನ್ನ ಓರಗಿತ್ತಿಗೆ ಒಂದೇ ಸುರ್ರಿಗೆ ಬರುತ್ತಿತ್ತು. ಮಗ್ಗಗಳ ಗದ್ದಲದಲ್ಲಿ ಸುರ್ ಎನ್ನುವುದು ಯಾರ ಕಿವಿಗೂ ಬೀಳುವಂಥದ್ದಲ್ಲ. ಅವಳ ಕೆನ್ನೆ ಒಳಕ್ಕೆ ಹೋಗುವುದನ್ನು ನೋಡಿದರೇ ಕೇಳಿಸಿದ ಹಾಗಾಗುತ್ತಿತ್ತು.

ಶೆಡ್ಡಿನಲ್ಲಿ ಇದೊಂದು ಪದ್ಧತಿಯೇ ಆಗಿಹೋಗಿತ್ತು. ಹೊಸ ಹಾಸು ಏರಿಸಿದಾಗ, ಹೊಸಬರು ಕೆಲಸಕ್ಕೆ ಸೇರಿದಾಗ, ಮೊದಲ ಲಾಳಿಗೆ ಸುರ್ರಕ್ಕನ ಬಾಯಿ ತಾಗಬೇಕು. ತಾಗಿದರೆ ನೂಲು ಹರಿಯುವುದಿಲ್ಲ ಎಂದು ಎಲ್ಲರ ನಂಬಿಕೆ. ನೂಲು ಹರಿದೇ ಹರಿಯುತ್ತಿತ್ತು, ಅದು ಬೇರೆ ಮಾತು. ಆದರೂ ಮೇಸ್ತ್ರಿ ಕೂಡ ಹೊಸ ಮಗ್ಗ ಓಡಿಸುವ ಮುಂಚೆ ಅವಳ ಮುಂದೆ ಲಾಳಿ ಹಿಡಿದು ನಿಲ್ಲುತ್ತಿದ್ದ. ಅವಳು ದೊಡ್ಡ ಉಪಕಾರ ಮಾಡುವವಳ ಹಾಗೆ ಬಾಯಿ ಒರೆಸಿಕೊಂಡು ಅದನ್ನು ತೆಗೆದುಕೊಳ್ಳುತ್ತಿದ್ದಳು.

ಶೆಡ್ಡು ಹೇಗಿತ್ತೆಂದರೆ, ಎರಡು ಮಗ್ಗಗಳ ನಡುವೆ ಹಾಯಬೇಕಾದರೆ ಹೊಟ್ಟೆ ಒಳಗೆ ಎಳೆದುಕೊಂಡು ಅಡ್ಡಡ್ಡ ನಡೆಯಬೇಕು. ಊಟವಾದ ಮೇಲಂತೂ ಮೇಸ್ತ್ರಿಗೆ ಕೆಲವು ಸಂದಿಗಳು ಮುಚ್ಚಿಯೇ ಹೋಗುತ್ತಿದ್ದವು. ಒಣ ಗಾಳಿ ಬಡಿದರೆ ನೂಲು ತುಂಡಾಗುತ್ತದೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ತೇವ ಇರಲೆಂದು ಮೇಲಿನ ಕೊಳವೆಯಿಂದ ಹಬೆ ಬಿಡುತ್ತಿದ್ದರು. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ತೆಗೆದುಕೊಳ್ಳಬೇಕು, ಹಾಗಿತ್ತು ನಮ್ಮ ಸಂಸಾರ.

ಇನ್ನು ಸದ್ದು. ಕಿವಿಯ ಹತ್ತಿರ ಬಂದು ಕಿರುಚಿದರೂ ಮಗ್ಗದ ಪಟಪಟದಲ್ಲಿ ಏನೂ ಕೇಳಿಸುವುದಿಲ್ಲ. ಅದಕ್ಕೇ ನಾವು ಸದ್ದಿಲ್ಲದೆ ಬರೀ ತುಟಿ ಆಡಿಸಿ ಮಾತಾಡುತ್ತೇವೆ; ಎದುರಿನವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಇದರಲ್ಲೂ ಸುರ್ರಕ್ಕನನ್ನು ಮೀರಿಸಿದವರಿಲ್ಲ. ಈ ಗೋಡೆಯ ಹತ್ತಿರ ನಿಂತು ಆ ಗೋಡೆಯ ಹತ್ತಿರದವಳಿಗೆ ಮೇಸ್ತ್ರಿಯ ಹೊಸ ಹಲ್ಲುಸೆಟ್ಟಿನ ಕಥೆ ಹೇಳುತ್ತಿದ್ದಳು, ನಡುವೆ ಮೇಸ್ತ್ರಿಯೇ ಓಡಾಡುತ್ತಿದ್ದರೂ ಸರಿ. ಮನೆಯಲ್ಲೂ ಈ ಅಭ್ಯಾಸ ಬಿಟ್ಟಿರಲಿಲ್ಲ. ಅವಳ ಮಗಳು ಚಿಕ್ಕವಳಿದ್ದಾಗ ಎಷ್ಟೋ ಬೈಗುಳವನ್ನು ನೆಂಟರ ಎದುರಿಗೇ, ನೆಂಟರಿಗೆ ಗೊತ್ತಾಗದ ಹಾಗೆ ತಿಂದಿದ್ದಾಳೆ. ಕೊನೆಕೊನೆಗೆ ಆ ಹುಡುಗಿಯೂ ಸದ್ದಿಲ್ಲದೆ ಎದುರುತ್ತರ ಕೊಡುವಷ್ಟು ಪಳಗಿದಳು.

ಮಗಳ ಮದುವೆ ಮಾತಿನ ದಿನ ತಾಯಿ ಮಗಳು ಹೀಗೇ ತುಟಿ ಆಡಿಸಿಕೊಂಡಿದ್ದನ್ನು ಬೀಗಿತ್ತಿ ಕಂಡುಬಿಟ್ಟಳು. ಬೀಗಿತ್ತಿಗೆ ಬಟ್ಟೆ ಹೊಲಿಯುವ ಸಣ್ಣ ಅಂಗಡಿ ಇದೆ. ಎಲ್ಲಿ ಹೋದರೂ ಕುರ್ಚಿ ಒರೆಸಿಯೇ ಕೂರುವ ಹೆಂಗಸು. “ಶೆಡ್ಡಿನವರು ಬಾಯಿ ಆಡಿಸೋದು ನೋಡಿದ್ರೆ ಗಾಜಿನ ತೊಟ್ಟಿಯ ಮೀನು ನೆನಪಾಗುತ್ತೆ” ಎಂದು ನಗುತ್ತ ಹೇಳಿದಳು. ಎಲ್ಲರೂ ನಕ್ಕರು, ಸುರ್ರಕ್ಕನೂ ನಕ್ಕಳು. ಆದರೆ ಆ ಮೀನನ್ನು ಅವಳು ಹೊಟ್ಟೆಯೊಳಗೆ ಇಟ್ಟುಕೊಂಡೇ ಇದ್ದಳು. ಬೀಗಿತ್ತಿಯ ಹೆಸರೆತ್ತಿದರೆ ಸಾಕು, ಮೂಗು ಮುರಿಯುತ್ತಿದ್ದಳು. ಮಗಳು ಬಸುರಿ ಎಂದು ಗೊತ್ತಾದ ದಿನವೇ ನನಗೆ ಹೇಳಿಬಿಟ್ಟಿದ್ದಳು, ಮಗುವನ್ನು ಮೊದಲು ಎತ್ತಿಕೊಳ್ಳುವವಳು ತಾನೇ, ಆ ಕುರ್ಚಿ ಒರೆಸುವವಳಲ್ಲ ಎಂದು.

ನಮ್ಮ ಶುಚಿತ್ವದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನೀರಿನ ನಲ್ಲಿಯ ಪಕ್ಕದ ಗೋಡೆಗೆ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೆ ಒಬ್ಬೊಬ್ಬರ ಲೋಟ. ಒಬ್ಬರ ಲೋಟವನ್ನು ಇನ್ನೊಬ್ಬರು ಮುಟ್ಟಿದರೆ ಮಹಾಭಾರತವೇ ಆಗುತ್ತಿತ್ತು. ಒಮ್ಮೆ ಮೇಸ್ತ್ರಿ ಅವಸರದಲ್ಲಿ ನನ್ನ ಲೋಟದಲ್ಲಿ ನೀರು ಕುಡಿದದ್ದಕ್ಕೆ ಸುರ್ರಕ್ಕ ಅದನ್ನು ಬೂದಿ ಹಾಕಿ ಉಜ್ಜಿಸಿದ್ದಳು, ಮೇಸ್ತ್ರಿಯ ಕೈಯಲ್ಲೇ. ಎಂಜಲು ಅಂದರೆ ನಮಗೆ ಅಷ್ಟು ಅಸಹ್ಯ.

ಕೆಮ್ಮು ಮೊದಲು ಹತ್ತಿದ್ದು ಮೇಸ್ತ್ರಿಗೆ. ಆಮೇಲೆ ಬಾಗಿಲ ಬಳಿಯ ಒಬ್ಬಳಿಗೆ, ಆಮೇಲೆ ನಡುವಿನ ಯಾರಿಗೂ ಬಾರದೆ ಹಿಂದಿನ ಮೂಲೆಯವರಿಗೆ. ಹಬೆಯ ನೀರು ಕೆಟ್ಟಿದೆ ಎಂದರು ಕೆಲವರು. ಹೊಸದಾಗಿ ಬಂದ ನೂಲಿನ ಮೂಟೆಗಳ ಮೇಲೆ ಗೂಬೆ ಕೂರಿಸಿದವರೂ ಇದ್ದರು. ಕೆಮ್ಮು ಬಂದರೆ ಬಿಟ್ಟೂ ಬಿಡದೆ ಬರುತ್ತಿತ್ತು. ಪಕ್ಕೆ ಹಿಡಿದುಕೊಂಡು, ಮುಖ ಕೆಂಪಾಗಿ, ಕೊನೆಗೆ ತಿಂದದ್ದೆಲ್ಲ ಹೊರಗೆ ಬಂದು ನಿಲ್ಲುತ್ತಿತ್ತು. ಅಂಥವರು ಲಾಳಿಗೆ ಬಾಯಿಟ್ಟು ಉಸಿರು ಎಳೆಯಲು ಹೋದರೆ ಮತ್ತೆ ಕೆಮ್ಮು ಉಕ್ಕುತ್ತಿತ್ತು, ಮಗ್ಗ ನಿಲ್ಲುತ್ತಿತ್ತು.

ಆಗ ಟೊಂಕ ಕಟ್ಟಿ ನಿಂತವಳು ಸುರ್ರಕ್ಕ. ಯಾರು ಪಕ್ಕೆ ಹಿಡಿದುಕೊಂಡು ಕುಸಿದರೂ ಅವಳು ಆ ಸಂದಿಗಳಲ್ಲಿ ಅಡ್ಡಡ್ಡ ನುಗ್ಗಿ, ಅವರ ಲಾಳಿ ಕಸಿದುಕೊಂಡು, ಒಂದು ಸುರ್ ಎಳೆದು ಕೊಟ್ಟು ಬರುತ್ತಿದ್ದಳು. ನೀನು ಕೂತ್ಕೋ, ನಾನಿದ್ದೀನಿ ಎಂದು ಅವಳ ತುಟಿ ದಿನವಿಡೀ ಹೇಳುತ್ತಿತ್ತು. ಅವಳಷ್ಟು ಒಳ್ಳೆಯ ಮನಸ್ಸಿನವಳು ಶೆಡ್ಡಿನಲ್ಲಿ ಬೇರೆ ಇರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅವಳು ಹೋದಲ್ಲೆಲ್ಲ ಕೆಮ್ಮೂ ಅವಳ ಹಿಂದೆಯೇ ಹೋಯಿತು.

ಆರೋಗ್ಯ ಕಚೇರಿಯಿಂದ ಡಾಕ್ಟರಮ್ಮ ಒಬ್ಬರು ಬಂದರು. ಬಂದವರು ಬಾಗಿಲಲ್ಲೇ ನಿಂತು ಏನೇನೋ ಕೇಳಿದರು, ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಕೈಯಾಡಿಸಿ ಮಗ್ಗಗಳನ್ನೆಲ್ಲ ನಿಲ್ಲಿಸಿ ಎಂದರು. ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಸ್ವಿಚ್ಚು ಎಳೆದ. ಹಾಡುಹಗಲಲ್ಲಿ ಶೆಡ್ಡು ಸುಮ್ಮನಾದದ್ದು ನಾನು ಕಂಡದ್ದು ಅದೇ ಮೊದಲು. ಆಗಲೇ ನಮಗೆ ನಮ್ಮ ಕೆಮ್ಮು ಕೇಳಿಸಿದ್ದು. ಆ ಮೂಲೆ, ಈ ಮೂಲೆ, ಹಬೆಯ ಕೊಳವೆಯ ಕೆಳಗೆ, ನೂಲಿನ ಮೂಟೆಗಳ ಹಿಂದೆ, ಎಲ್ಲಿ ನೋಡಿದರೂ ಕೆಮ್ಮು. ಇಷ್ಟು ದಿನ ಮಗ್ಗದ ಸದ್ದು ಅದನ್ನೆಲ್ಲ ಮುಚ್ಚಿಟ್ಟಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಪ್ಪಾದೆವು.

ಒಬ್ಬರು ಬಾಯಿಗೆ ಇಟ್ಟದ್ದನ್ನು ಇನ್ನೊಬ್ಬರು ಬಾಯಿಗೆ ಇಡುತ್ತೀರಾ ಎಂದು ಡಾಕ್ಟರಮ್ಮ ಕೇಳಿದರು. ಸುರ್ರಕ್ಕನಿಗೆ ಸಿಟ್ಟೇ ಬಂತು. ಅವರ ಕೈ ಹಿಡಿದು ಎಳೆದುಕೊಂಡು ಹೋಗಿ ಲೋಟಗಳ ಗೋಡೆ ತೋರಿಸಿದಳು, ಮೇಸ್ತ್ರಿಯ ಬೂದಿಯ ಕಥೆಯನ್ನೂ ಹೇಳಿದಳು. ಡಾಕ್ಟರಮ್ಮ ಮೆಚ್ಚಿ ತಲೆಯಾಡಿಸಿದರು. ಸರಿ, ಮಗ್ಗ ಓಡಿಸಿ ಎಂದರು.

ಮಗ್ಗಗಳು ಹೊರಟವು. ಹತ್ತಿರದವಳ ಕಂಡಿಕೆ ಮುಗಿಯಿತು. ಹೊಸದು ಹಾಕಿ ಲಾಳಿಗೆ ಬಾಯಿಟ್ಟಳು, ಕೆಮ್ಮು ಬಂತು. ಸುರ್ರಕ್ಕ ಹೋಗಿ ಅದೇ ಲಾಳಿ ಕಿತ್ತುಕೊಂಡು ಅದೇ ತೂತಿಗೆ ಬಾಯಿಟ್ಟು ಸುರ್ ಎಂದಳು, ಬಂದವರು ನೋಡಲಿ ಎಂದು ಸ್ವಲ್ಪ ಜಾಸ್ತಿಯೇ ಠೀವಿಯಿಂದ. ಡಾಕ್ಟರಮ್ಮ ಕಣ್ಣು ಬಾಯಿ ಬಿಟ್ಟು ನಿಂತರು. ಮೇಸ್ತ್ರಿ ಹೇಳಿಸಿಕೊಳ್ಳದೆಯೇ ಹೋಗಿ ಮತ್ತೆ ಸ್ವಿಚ್ಚು ಎಳೆದ.

ಅವರು ಬೈಯಲಿಲ್ಲ. ಆ ಲಾಳಿಯನ್ನು ಎತ್ತಿ ಹಿಡಿದು, ಇದೂ ಒಂದು ಲೋಟವೇ ಅಲ್ಲವಾ ಎಂದು ಕೇಳಿದರು. ನಾವೆಲ್ಲ ನಾಲಿಗೆ ಕಚ್ಚಿಕೊಂಡೆವು. ಆಮೇಲೆ ಅವರು ವಿವರಿಸಿದರು: ಇದು ನಾಯಿಕೆಮ್ಮು, ದೊಡ್ಡವರಿಗೂ ಬರುತ್ತದೆ, ಕೆಲವರಿಗೆ ಗಂಟಲು ಕೆರೆತ ಬಿಟ್ಟರೆ ಇನ್ನೇನೂ ಇರುವುದಿಲ್ಲ, ಆದರೂ ಅಂಥವರಿಂದ ಹರಡುತ್ತದೆ. ಮಾತ್ರೆ ತೆಗೆದುಕೊಂಡರೆ ಕೆಲವೇ ದಿನಗಳಲ್ಲಿ ಹರಡುವುದು ನಿಲ್ಲುತ್ತದೆ. ಕೆಮ್ಮು, ಕೆರೆತ ಏನಿದ್ದರೂ ಈಗಲೇ ಹೇಳಿ, ಮುಖ್ಯವಾಗಿ ಮನೆಯಲ್ಲಿ ಹಸುಗೂಸು ಇದ್ದವರು. ಕೂಸಿಗೆ ತಗುಲಿದರೆ ಅದಕ್ಕೆ ಕೆಮ್ಮುವ ಶಕ್ತಿಯೂ ಇರುವುದಿಲ್ಲ, ಉಸಿರೇ ನಿಂತುಹೋಗಬಹುದು.

“ಹಸುಗೂಸು ಅಂದ್ರೆ ಎಷ್ಟು ತಿಂಗಳದ್ದು?” ಎಂದು ಸುರ್ರಕ್ಕ ಕೇಳಿದಳು.

“ಹುಟ್ಟಿದ ದಿನದಿಂದಲೇ ಅಮ್ಮ. ಎಷ್ಟು ಚಿಕ್ಕದೋ ಅಷ್ಟು ಅಪಾಯ.”

ಮಾತ್ರೆಗೆ ಸಾಲು ನಿಂತಿತು. ಸುರ್ರಕ್ಕ ನಿಲ್ಲಲಿಲ್ಲ. ತನಗೆ ಕೆಮ್ಮಿಲ್ಲ ಎಂದಳು. ನನಗೆ ಗೊತ್ತಿತ್ತು, ಅದು ಸುಳ್ಳು. ಎಷ್ಟೋ ದಿನದಿಂದ ಅವಳು ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಉಜ್ಜುತ್ತ ಆ ಸದ್ದಿನಲ್ಲಿ ಕೆಮ್ಮುತ್ತಿದ್ದಳು. ಮಹಡಿಯಿಂದ ಬಗ್ಗಿ, ಯಾರಕ್ಕ ಕೆಮ್ಮಿದ್ದು ಎಂದರೆ, ಪಾತ್ರೆ ಎನ್ನುತ್ತಿದ್ದಳು. ಅಂದು ದಾರಿಯಲ್ಲಿ ಕೇಳಿಯೇಬಿಟ್ಟೆ. ಅವಳು ಮುಖ ಊದಿಸಿಕೊಂಡು ನಡೆದಳು. ಕೊನೆಗೆ ಬಾಯಿಬಿಟ್ಟಳು: ಅದು ನೂಲಿನ ಧೂಳು, ಹೆರಿಗೆಗೆ ಇನ್ನೂ ದಿನ ಇದೆ, ಅಷ್ಟರಲ್ಲಿ ಹೋಗುತ್ತದೆ. ಈಗ ಮಾತ್ರೆ ತೆಗೆದುಕೊಂಡರೆ ಸುದ್ದಿ ಹೊಲಿಗೆ ಅಂಗಡಿಗೆ ಮುಟ್ಟುತ್ತದೆ, ಆ ಬೀಗಿತ್ತಿ ಮಗುವಿನ ಹತ್ತಿರ ಸುಳಿಯಲೂ ಬಿಡುವುದಿಲ್ಲ. ನಾನು ಬೈದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಶೆಡ್ಡು ಬದಲಾಯಿತು. ಕಿಟಕಿಗಳ ಮೊಳೆ ಕಿತ್ತರು. ಪ್ರತಿಯೊಬ್ಬರ ಕೊರಳಿಗೂ ದಾರದಲ್ಲಿ ಒಂದು ಕೊಕ್ಕೆ, ಮುಖಕ್ಕೆ ಮಾಸ್ಕು. ಕೊಕ್ಕೆ ಹೇಗೋ ಅಭ್ಯಾಸವಾಯಿತು, ಮಾಸ್ಕು ಮಾತ್ರ ನಮ್ಮ ಬಾಯಿಗೆ ಬೀಗ ಹಾಕಿತು. ತುಟಿ ಕಾಣದೆ ಮಾತೆಲ್ಲಿ? ಒಬ್ಬಳಿಗೆ ನೀರು ಬೇಕಾದರೆ ನಾಟಕ ಆಡಿ ತೋರಿಸಬೇಕು. ಮೇಸ್ತ್ರಿ ಎಣ್ಣೆ ಡಬ್ಬ ಬೇಕೆಂದು ಕೈ ಬಾಯಿ ತಿರುಗಿಸಿದ್ದಕ್ಕೆ ಯಾರೋ ಪೊರಕೆ ತಂದುಕೊಟ್ಟರು. ಎಲ್ಲರಿಗಿಂತ ಸೊರಗಿದವಳು ಸುರ್ರಕ್ಕ. ಶೆಡ್ಡಿನ ಸುದ್ದಿ ಒಂದೂ ತಿಳಿಯದೆ ಅವಳ ಹೊಟ್ಟೆ ಉಬ್ಬರಿಸಿಹೋಗಿತ್ತು. ಕೊಕ್ಕೆಯಲ್ಲಂತೂ ಅವಳೇ ಎಲ್ಲರಿಗಿಂತ ನಿಧಾನ, ನಿನ್ನೆ ಮೊನ್ನೆ ಬಂದವರೂ ಅವಳಿಗಿಂತ ಬೇಗ ನೂಲು ಎಳೆಯುತ್ತಿದ್ದರು. ಒಂದು ದಿನ ಅವಳು ಯಾರೂ ನೋಡುತ್ತಿಲ್ಲವೆಂದು ಮಾಸ್ಕು ಕೆಳಗೆ ಸರಿಸಿ ಲಾಳಿ ಬಾಯಿಗೆ ತಂದದ್ದನ್ನು ನಾನು ಕಂಡೆ. ಅವಳೂ ನನ್ನನ್ನು ಕಂಡಳು. ಲಾಳಿ ಇಳಿಸಿ, ಕೊಕ್ಕೆ ಹಿಡಿದು, ಆ ತೂತಿನ ಜೊತೆ ಜಗಳಕ್ಕೆ ನಿಂತಳು.

ಮಗು ಕಾಯಲಿಲ್ಲ. ಹೇಳಿದ ದಿನಕ್ಕಿಂತ ಮುಂಚೆಯೇ ಹುಟ್ಟಿತು. ಹೆಣ್ಣು, ಸಣ್ಣ ಮಗು, ಆದರೆ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಅಳಿಯ ಫೋನ್ ಮಾಡಿದ. ಸುರ್ರಕ್ಕ ಕೈಯಲ್ಲಿದ್ದ ಕಂಡಿಕೆಯನ್ನು ಹಾಗೇ ಬಿಟ್ಟು ಹೊರಟಳು, ನಾನು ಹಿಂದೆ ಓಡಿದೆ. ಹೆರಿಗೆ ಆಸ್ಪತ್ರೆಗೆ ಹೋಗುವ ತನಕ ಅವಳು ಒಂದು ಮಾತೂ ಆಡಲಿಲ್ಲ. ಅವಳ ಜೊತೆ ಬದುಕಿದವರಿಗೆ ಅದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದಿಲ್ಲ.

ವಾರ್ಡಿನ ಬಾಗಿಲ ಹತ್ತಿರ ಬೀಗಿತ್ತಿ ಆಗಲೇ ಬಂದು, ಬೆಂಚು ಒರೆಸಿ ಕೂತಿದ್ದಳು. ನರ್ಸಮ್ಮ ಬಾಗಿಲು ತೆರೆದು, ಒಬ್ಬರು ಮಾತ್ರ ಒಳಗೆ ಬನ್ನಿ ಎಂದರು. ಇನ್ನು ಇಬ್ಬರೂ ನಾನು ತಾನು ಎಂದು ಕಚ್ಚಾಡುತ್ತಾರೆ ಎಂದುಕೊಂಡೆ. ಆದರೆ ಬೀಗಿತ್ತಿ ಎದ್ದು ಪಕ್ಕಕ್ಕೆ ಸರಿದಳು.

“ನೀವೇ ಹೋಗಿ. ಹೆತ್ತ ತಾಯಿ ನೀವು. ಮೊದಲು ನೀವೇ ಎತ್ಕೊಳ್ಳಿ” ಎಂದಳು.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕೂಸಿನ ಅಳು ಕೇಳಿಸುತ್ತಿತ್ತು, ತೀರಾ ತೆಳುವಾಗಿ. ಮಾಸ್ಕಿನ ಮೇಲಿನಿಂದ ಸುರ್ರಕ್ಕನ ಕಣ್ಣು ನನ್ನನ್ನು ನೋಡಿತು. ಅವಳು ಹೆಜ್ಜೆ ಎತ್ತಿಬಿಟ್ಟರೆ ಕೈ ಹಿಡಿದು ಎಳೆಯಬೇಕು ಎಂದು ನಾನು ನಿಶ್ಚಯ ಮಾಡಿಕೊಂಡೆ. ಅದಕ್ಕೆ ಅವಳು ಅವಕಾಶ ಕೊಡಲಿಲ್ಲ.

“ನಾನು ಬರಲ್ಲ. ನನಗೆ ಕೆಮ್ಮಿದೆ” ಎಂದಳು.

ನರ್ಸಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಯಾವಾಗಿನಿಂದ ಎಂದು ಕೇಳಿದರು.

“ಶೆಡ್ಡಲ್ಲಿ ಶುರುವಾದಾಗಿಂದ. ಮುಚ್ಚಿಟ್ಟಿದ್ದೆ. ಅರ್ಧ ಶೆಡ್ಡಿಗೆ ಹಂಚಿದ್ದೂ ನಾನೇ ಇರಬೇಕು. ಈ ಕೂಸಿಗೆ ಬೇಡ.”

ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ. ಇಷ್ಟು ವರ್ಷಗಳಲ್ಲಿ ಅವಳು ಬೀಗಿತ್ತಿಯ ಎದುರು ಒಂದು ಸಣ್ಣ ಸೋಲನ್ನೂ ಒಪ್ಪಿಕೊಂಡವಳಲ್ಲ. ಇವತ್ತು ತಾನಾಗಿ ತಲೆ ತಗ್ಗಿಸಿ ನಿಂತಿದ್ದಳು. ಬೀಗಿತ್ತಿ ಏನಾದರೂ ಚುಚ್ಚಿ ಮಾತಾಡುತ್ತಾಳೆಂದು ಕಾದೆ. ಅವಳು ಚುಚ್ಚಲಿಲ್ಲ. ಸುರ್ರಕ್ಕನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ವಾರ್ಡಿನ ಕಿಟಕಿ ಹಿಂದಿನ ಅಂಗಳಕ್ಕಿದೆ, ಅಲ್ಲಿಗೆ ಹೋಗಿ ನಿಲ್ಲಿ ಎಂದು ಹೇಳಿ, ಕೈ ತೊಳೆದು, ಮಾಸ್ಕು ಹಾಕಿಕೊಂಡು ಒಳಗೆ ಹೋದಳು.

ಹಿಂದಿನ ಅಂಗಳದಲ್ಲಿ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು. ಒದ್ದೆ ಬಟ್ಟೆಗಳನ್ನು ಸರಿಸಿಕೊಂಡು ಕಿಟಕಿ ಹುಡುಕಿದೆವು. ಅದು ಎತ್ತರದಲ್ಲಿತ್ತು; ಉದ್ದಕ್ಕಿರುವ ನನಗೆ ತುದಿಗಾಲಲ್ಲಿ ನಿಂತರೆ ಒಳಗೆ ಕಾಣುತ್ತಿತ್ತು, ಅವಳಿಗೆ ಅದೂ ಇಲ್ಲ. ನೆಲ ಒರೆಸುವವಳ ಬಕೆಟ್ಟನ್ನು ಬೋರಲು ಹಾಕಿ ಸುರ್ರಕ್ಕ ಹತ್ತಿದಳು, ಬೀಳದ ಹಾಗೆ ನಾನು ಅವಳ ಸೊಂಟ ಹಿಡಿದುಕೊಂಡೆ. ಬಕೆಟ್ಟಿನವಳು ಬಂದು ಬೈದಳು, ಮಗು ಹುಟ್ಟಿದೆ ಎಂದ ಮೇಲೆ ತಾನೂ ಒಂದು ಕೈ ಹಿಡಿದುಕೊಂಡಳು.

ಗಾಜಿನ ಆಚೆ ಮಗಳು ದಿಂಬಿಗೆ ಒರಗಿ ಕೂತಿದ್ದಳು. ಕಿಟಕಿ ಭದ್ರವಾಗಿ ಮುಚ್ಚಿತ್ತು, ಒಂದು ಪಿಸುಮಾತೂ ದಾಟುವಂತಿರಲಿಲ್ಲ. ಸುರ್ರಕ್ಕ ಮಾಸ್ಕು ಕೆಳಗಿಳಿಸಿದಳು. ಎಷ್ಟೋ ದಿನಗಳ ಮೇಲೆ ನಾನು ಅವಳ ಬಾಯಿ ನೋಡಿದ್ದು.

ಅವಳ ತುಟಿ ಆಡಿತು. ನೋವಿದೆಯಾ ಎಂದು ಕೇಳಿದಳು. ಇಲ್ಲ ಎಂದಿತು ಮಗಳ ತುಟಿ. ಊಟ ಮಾಡಿದೆಯಾ? ಮಾಡಿದೆ. ಸುಳ್ಳು ಹೇಳಬೇಡ. ಸ್ವಲ್ಪ ಮಾಡಿದೆ. ಮಗು ಹಾಲು ಕುಡೀತಾ? ಕುಡೀತು, ನಿನ್ನ ಹಾಗೇ ಸುರ್ರಂತ ಎಳೀತಾಳೆ. ಸುರ್ರಕ್ಕ ಬಕೆಟ್ಟಿನ ಮೇಲೆ ನಿಂತು ಎಷ್ಟು ನಕ್ಕಳೆಂದರೆ ಕೆಮ್ಮು ಬಂತು, ಪಕ್ಕಕ್ಕೆ ತಿರುಗಿ ಕೆಮ್ಮಿದಳು. ಈ ಸಲ ಪಾತ್ರೆಯ ಮರೆ ಇರಲಿಲ್ಲ.

ಮಗಳ ಮುಖ ಗಂಭೀರವಾಯಿತು. “ಮಾತ್ರೆ ತಗೋ” ಎಂದಿತು ಅವಳ ತುಟಿ. “ಬೇಗ ಬಾ. ನಾನು ಕಾಯ್ತೀನಿ.”

ಆಗ ಬೀಗಿತ್ತಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದಳು. ಬಟ್ಟೆಯ ಸುತ್ತಿನೊಳಗೆ ಒಂದು ಕೆಂಪು ಮುಖ. ಬೀಗಿತ್ತಿ ಅದನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು, ತನ್ನ ಮಾಸ್ಕನ್ನು ಕೆಳಗೆ ಎಳೆದು, ಬಾಯನ್ನು ಅಗಲಕ್ಕೆ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಏನು ಹೇಳುತ್ತಿದ್ದಾಳೋ ದೇವರಿಗೇ ಗೊತ್ತು. ಗಾಜಿನ ಹಿಂದೆ ಸಾಕ್ಷಾತ್ ಮೀನು. ನಾನು ಕೆಳಗಿನಿಂದ ಸುರ್ರಕ್ಕನ ಮುಖವನ್ನೇ ನೋಡಿದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಈಗ ಹೊರಗೆ ಬೀಳುತ್ತದೆ ಎಂದುಕೊಂಡೆ.

ಸುರ್ರಕ್ಕ ಬೆರಳೆತ್ತಿ, ಅಷ್ಟು ಅಗಲ ಬೇಡ ಎಂದು ಸನ್ನೆ ಮಾಡಿದಳು. ತಾನೇ ನಿಧಾನವಾಗಿ ತುಟಿ ಆಡಿಸಿ ತೋರಿಸಿದಳು. ಬೀಗಿತ್ತಿ ನೋಡಿ ಕಲಿತು, ಇನ್ನೊಂದು ಸಲ ಪ್ರಯತ್ನ ಮಾಡಿದಳು. ಈಗ ನನಗೂ ಓದಲು ಬಂತು. ಮೂಗು ನಿಮ್ಮದೇ, ಎನ್ನುತ್ತಿದ್ದಳು.

ಅಲ್ಲಿಂದ ಸುರ್ರಕ್ಕ ನೇರವಾಗಿ ಡಾಕ್ಟರಮ್ಮನ ಹತ್ತಿರ ನಡೆದಳು. ಮಾತ್ರೆ ಮುಗಿಯುವವರೆಗೂ ದಿನಾ ಸಂಜೆ ಬಕೆಟ್ಟಿನ ಮೇಲೆ, ಮಗು ಬೀಗಿತ್ತಿಯ ಮನೆಗೆ ಬಂದ ಮೇಲೆ ಆ ಮನೆಯ ಮುಂಭಾಗದ ಹೊಲಿಗೆ ಅಂಗಡಿಯ ಗಾಜಿನ ಹೊರಗೆ ನಿಲ್ಲುತ್ತಿದ್ದಳು. ಈ ನಡುವೆ ಕೊಕ್ಕೆಯ ಮೂತಿಯನ್ನು ತನಗೆ ಬೇಕಾದಂತೆ ಬಗ್ಗಿಸಿಕೊಂಡು ಅದರಲ್ಲೂ ಎಲ್ಲರನ್ನೂ ಹಿಂದೆ ಹಾಕಿದಳು. ಹೊಸ ಹಾಸಿನ ಮೊದಲ ಲಾಳಿ ಈಗಲೂ ಅವಳ ಹತ್ತಿರವೇ ಬರುತ್ತದೆ, ಬಾಯಿಗಲ್ಲ, ಕೊಕ್ಕೆಗೆ. ನೂಲು ಈಗಲೂ ಹರಿಯುತ್ತದೆ.

ಇನ್ನು ಭಯವಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ನಾನೂ ಜೊತೆಗೆ ಹೋದೆ. ಬೀಗಿತ್ತಿ ಒಂದು ಕುರ್ಚಿಯನ್ನು ಒರೆಸಿದಳು. ತಾನು ಕೂರಲಿಲ್ಲ, ಸುರ್ರಕ್ಕನನ್ನು ಕೂರಿಸಿದಳು. ನಿದ್ದೆ ಮಾಡುತ್ತಿದ್ದ ಮಗುವನ್ನು ಅವಳ ತೊಡೆಯ ಮೇಲಿಟ್ಟು ತಾನೂ ಪಕ್ಕದಲ್ಲೇ ಮೊಣಕಾಲೂರಿ ಕೂತಳು. ಸುರ್ರಕ್ಕ ತುಂಬಾ ಹೊತ್ತು ಮಗುವನ್ನು ನೋಡಿದಳು, ಆಮೇಲೆ ಬೀಗಿತ್ತಿಯ ಕಡೆ ತಿರುಗಿ ಸದ್ದಿಲ್ಲದೆ ಏನೋ ಹೇಳಿದಳು. ಬೀಗಿತ್ತಿಯೂ ಸದ್ದಿಲ್ಲದೆ ಉತ್ತರ ಕೊಟ್ಟಳು. ಇಬ್ಬರ ಬೆನ್ನೂ ನನ್ನ ಕಡೆಗಿತ್ತು, ನನಗೆ ಒಂದಕ್ಷರವೂ ಕಾಣಲಿಲ್ಲ. ಏನಂತೆ ಎಂದು ಕೇಳಲು ಬಾಯಿ ತೆರೆದೆ. ಮಗು ಮಲಗಿದೆ ಎಂದು ಇಬ್ಬರೂ ಒಟ್ಟಿಗೇ ತುಟಿಯ ಮೇಲೆ ಬೆರಳಿಟ್ಟರು.